ಗ್ಲೊರೆಂಜಾ: ಆಲ್ಪ್ಸ್ ಕಣಿವೆಯ ಪುಟ್ಟ ಕೋಟೆಯೂರಿಗೆ ಹೋಗಿ ಬರಲು ಸಮಗ್ರ ಮಾರ್ಗದರ್ಶಿ

ಇಟಲಿ ಅಂದ ಕೂಡಲೇ ನಮ್ಮವರು ರೋಮ್, ವೆನಿಸ್, ಫ್ಲಾರೆನ್ಸ್ ಅಂತ ಪಟ್ಟಿ ಹಾಕುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅದೇ ದೇಶದ ತೀರಾ ಉತ್ತರದಲ್ಲಿ, ಒಂದು ಕಡೆ ಸ್ವಿಟ್ಜರ್ಲೆಂಡ್ ಇನ್ನೊಂದು ಕಡೆ ಆಸ್ಟ್ರಿಯಾ ಇರುವ ಮೂಲೆಯಲ್ಲಿ, ವಾಲ್ ವೆನೋಸ್ತಾ ಅನ್ನುವ ಕಣಿವೆ ಇದೆ. ಅಲ್ಲಿ ಗ್ಲೊರೆಂಜಾ ಅನ್ನುವ ಊರಿದೆ. ಸುತ್ತಲೂ ಗೋಡೆ, ಒಳಗೆ ಹೋಗಲು ಮೂರು ಬಾಗಿಲು. ಜನಸಂಖ್ಯೆ ಸಾವಿರ ಮುಟ್ಟುವುದಿಲ್ಲ, ಆದರೂ ಮಧ್ಯಯುಗದಿಂದ ಇದಕ್ಕೆ ಪಟ್ಟಣದ ಹಕ್ಕಿದೆ.

ಇಲ್ಲಿಗೆ ಬರುವವರಲ್ಲಿ ಬಹಳಷ್ಟು ಜನ ಸ್ತೆಲ್ವಿಯೊ ಘಾಟಿಗೆ ಹೋಗುವಾಗ ಕಾರು ನಿಲ್ಲಿಸಿ, ಒಂದು ಕಾಫಿ ಕುಡಿದು, ನಾಲ್ಕು ಫೋಟೊ ತೆಗೆದು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗೋಡೆಯ ಒಳಗೆ ಕನಿಷ್ಠ ಎರಡು ರಾತ್ರಿ, ಸಾಧ್ಯವಾದರೆ ಮೂರು ರಾತ್ರಿ ಉಳಿಯಿರಿ. ಊರು ನೋಡಲು ಒಂದು ದಿನ ಸಾಕು, ನಿಜ. ಆದರೆ ಇಲ್ಲೇ ಕೂತು ಇಡೀ ಕಣಿವೆಯನ್ನು ರೈಲು, ಬಸ್ಸು, ಸೈಕಲ್, ಕಾಲ್ನಡಿಗೆಯಲ್ಲಿ ನೋಡಬಹುದು. ಕಾರು ಬೇಕಾಗುವುದೇ ಇಲ್ಲ. ಈ ಬರಹ ಇಡೀ ಆ ಲೆಕ್ಕದಲ್ಲೇ ಇದೆ.

ಹೊರಡುವ ಮೊದಲು: ಊರಿನ ಕಥೆ ಸ್ವಲ್ಪ ಗೊತ್ತಿರಲಿ

ಈ ಭಾಗ ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾದಲ್ಲಿತ್ತು. ಯುದ್ಧ ಮುಗಿದ ಮೇಲೆ ಇಟಲಿಗೆ ಸೇರಿತು. ಈಗ ಇದು ಸೌತ್ ಟಿರೋಲ್ ಅನ್ನುವ ಸ್ವಾಯತ್ತ ಪ್ರಾಂತ್ಯ. ಮನೆಮಾತು ಬಹುತೇಕ ಜರ್ಮನ್. ಹಾಗಾಗಿ ಪ್ರತಿ ಊರಿಗೂ ಎರಡು ಹೆಸರು, ಬೋರ್ಡಿನಲ್ಲಿ ಎರಡೂ ಇರುತ್ತವೆ. ಗ್ಲೊರೆಂಜಾ ಅಂದರೂ ಗ್ಲೂರ್ನ್ಸ್ ಅಂದರೂ ಒಂದೇ ಊರು. ಸ್ಲುದೆರ್ನೊ ಅಂದರೆ ಶ್ಲುಡರ್ನ್ಸ್, ಮಾಲ್ಲೆಸ್ ಅಂದರೆ ಮಾಲ್ಸ್, ಬೊಲ್ಜಾನೊ ಅಂದರೆ ಬೋಜೆನ್, ವಾಲ್ ವೆನೋಸ್ತಾ ಅಂದರೆ ಫಿನ್ಷ್‌ಗಾವ್. ರೂಮು ಹುಡುಕುವಾಗ, ಬಸ್ ವೇಳಾಪಟ್ಟಿ ನೋಡುವಾಗ ಎರಡೂ ಹೆಸರು ಹಾಕಿ ಹುಡುಕಿ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ.

ಊರು ಬೆಳೆದದ್ದು ವ್ಯಾಪಾರದಿಂದ. ಉತ್ತರದಿಂದ ಉಪ್ಪು, ದಕ್ಷಿಣದಿಂದ ವೈನ್, ಎಲ್ಲ ಇದೇ ದಾರಿಯಲ್ಲಿ ಹೋಗುತ್ತಿತ್ತು. 1499ರಲ್ಲಿ ಹತ್ತಿರದ ಕಾಲ್ವೆನ್ ಎಂಬಲ್ಲಿ ದೊಡ್ಡ ಕಾಳಗ ಆಯಿತು. ಈಗಿನ ಸ್ವಿಟ್ಜರ್ಲೆಂಡಿನ ಗ್ರಾವ್‌ಬುಂಡೆನ್ ಪಡೆಗಳು ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್ ಕಡೆಯ ಸೈನ್ಯವನ್ನು ಸೋಲಿಸಿ, ಗ್ಲೊರೆಂಜಾವನ್ನು ಸುಟ್ಟು ಹಾಕಿದವು. ಆಮೇಲೆ ಚಕ್ರವರ್ತಿ ಊರನ್ನು ಗಟ್ಟಿ ಗೋಡೆಯೊಂದಿಗೆ ಮತ್ತೆ ಕಟ್ಟಿಸಲು ಹೊರಟ. ಕೆಲಸ ಮುಗಿಯಲು 1580ರ ಹೊತ್ತಾಯಿತು. ಅಷ್ಟರಲ್ಲಿ ವ್ಯಾಪಾರ ಕುಗ್ಗಿತ್ತು. ದೊಡ್ಡ ಗೋಡೆ ಉಳಿಯಿತು, ಊರು ಅದರಾಚೆಗೆ ಹೆಚ್ಚು ಬೆಳೆಯಲೇ ಇಲ್ಲ. ಒಳಗಿದ್ದವರು ವ್ಯಾಪಾರ ಬಿಟ್ಟು ಹೊಲ ಗದ್ದೆ ನೋಡಿಕೊಂಡರು. ಆ ಕಾರಣಕ್ಕೇ ಇವತ್ತಿಗೂ ಗೋಡೆ ಸುತ್ತಲೂ ಪೂರ್ತಿ ನಿಂತಿದೆ, ಅದರೊಳಗೆ ಶ್ರೀಮಂತರ ಮನೆಗಳ ಪಕ್ಕದಲ್ಲೇ ಹುಲ್ಲಿನ ಅಟ್ಟ, ಕೊಟ್ಟಿಗೆ ಕಾಣುತ್ತವೆ.

ಯಾವಾಗ ಹೋಗಬೇಕು

ನನ್ನನ್ನು ಕೇಳಿದರೆ ಸೆಪ್ಟೆಂಬರ್. ಆಕಾಶ ತಿಳಿಯಾಗಿರುತ್ತದೆ, ಸೇಬಿನ ಕೊಯ್ಲು ನಡೆಯುತ್ತಿರುತ್ತದೆ, ಆಗಸ್ಟ್‌ನ ಜನಸಂದಣಿ ಕರಗಿರುತ್ತದೆ. ಈ ಕಡೆ ಪಾಲಾ ಅನ್ನುವ ಹಳೇ ತಳಿಯ ಪಿಯರ್ (ಮರಸೇಬು) ಜಾತಿಯ ಹಣ್ಣು ಇದೆ. ಆ ತಿಂಗಳಲ್ಲಿ ಅದರ ಹೆಸರಿನಲ್ಲೇ ಊರು ಹಬ್ಬ ಮಾಡುತ್ತದೆ. ಏಪ್ರಿಲ್ ಕೊನೆಯಲ್ಲಿ ಹೋದರೆ ಕಣಿವೆ ತುಂಬ ಸೇಬಿನ ಹೂವು. ಅದೂ ಚೆಂದ, ಆದರೆ ಎತ್ತರದ ದಾರಿಗಳಲ್ಲಿ ಇನ್ನೂ ಹಿಮ ಇರುತ್ತದೆ.

ನವೆಂಬರ್ 2ಕ್ಕೆ ಸೇಲಾಮೋರ್ಕ್ಟ್ ಅನ್ನುವ ಹಳೇ ಸಂತೆ ನಡೆಯುತ್ತದೆ. ಸತ್ತವರನ್ನು ನೆನೆಯುವ ದಿನದ ಸಂತೆ ಅದು. ಸುತ್ತಲಿನ ಹಳ್ಳಿಗಳ ಜನ ಎಲ್ಲ ಬರುತ್ತಾರೆ. ಚಳಿ ತಡೆಯುತ್ತೀರಾದರೆ ಆ ದಿನ ಊರು ನಿಜಕ್ಕೂ ತುಂಬಿರುವುದನ್ನು ನೋಡಬಹುದು. ಅದು ಬಿಟ್ಟರೆ ನವೆಂಬರ್ ತಿಂಗಳು ಬೇಡ. ಹೋಟೆಲುಗಳು ಹಲವು ಬಾಗಿಲು ಹಾಕಿ ಚಳಿಗಾಲದ ಸೀಸನ್‌ಗೆ ತಯಾರಾಗುತ್ತಿರುತ್ತವೆ, ಮ್ಯೂಸಿಯಂಗಳೂ ಮುಚ್ಚಿರುತ್ತವೆ.

ಊರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಸ್ವಲ್ಪ ಎತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ ಬಿಸಿಲು ಚುರುಕು, ಸಂಜೆ ಆದರೆ ತಂಪು. ಮಳೆ ತೀರಾ ಕಡಿಮೆ, ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು. ಗಾಳಿ ಮಾತ್ರ ಜೋರು. ಕಣಿವೆಯ ಮೇಲ್ಭಾಗದಿಂದ ಬೀಸುವ ಗಾಳಿ ದಿನಗಟ್ಟಲೆ ನಿಲ್ಲುವುದಿಲ್ಲ. ಛತ್ರಿಗಿಂತ ಗಾಳಿ ತಡೆಯುವ ಜಾಕೆಟ್ ಮುಖ್ಯ.

ವೀಸಾ

ಬೇಕಾಗಿರುವುದು ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ. ದೊಡ್ಡವರಿಗೆ ಶುಲ್ಕ 90 ಯೂರೊ, ಅರ್ಜಿ ಕೇಂದ್ರದವರ ಸೇವಾ ಶುಲ್ಕ ಬೇರೆ. ಪ್ರವಾಸ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದು ಇರಬೇಕು. ಪ್ರಯಾಣಕ್ಕೆ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಅಂತ ನಿಯಮದಲ್ಲಿದೆ, ಆದರೆ ಅಷ್ಟು ತಡ ಮಾಡಬೇಡಿ. ಬೇಸಿಗೆ ರಜೆ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ.

ಒಂದು ಗೊಂದಲ ಸುಮಾರು ಜನಕ್ಕೆ ಇದೆ. ವಿಮಾನ ಇಳಿಯುವುದು ಮ್ಯೂನಿಕ್‌ನಲ್ಲಾದರೆ ಜರ್ಮನಿಗೆ ಅರ್ಜಿ ಹಾಕಬೇಕಾ ಅಂತ. ಹಾಗಲ್ಲ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಅಲ್ಲಿಗೆ ಹಾಕಬೇಕು. ಎರಡು ದೇಶದಲ್ಲಿ ಸಮ ಸಮ ದಿನ ಇದ್ದರೆ ಮಾತ್ರ ಮೊದಲು ಇಳಿಯುವ ದೇಶ. ಪಕ್ಕದ ಸ್ವಿಟ್ಜರ್ಲೆಂಡ್ ಕೂಡ ಶೆಂಗೆನ್ ಒಳಗೇ ಇದೆ, ಹಾಗಾಗಿ ಒಂದು ದಿನಕ್ಕೆ ಗಡಿ ದಾಟಲು ಬೇರೆ ವೀಸಾ ಬೇಡ. ಪಾಸ್‌ಪೋರ್ಟ್ ಮಾತ್ರ ಕೈಯಲ್ಲಿರಲಿ, ರೂಮಲ್ಲಿ ಬಿಟ್ಟು ಹೋಗಬೇಡಿ.

ತಲುಪುವುದು ಹೇಗೆ

ಗುರಿ ಬೊಲ್ಜಾನೊ. ಎಲ್ಲಿಂದ ಬಂದರೂ ಮೊದಲು ಅಲ್ಲಿಗೆ ಬನ್ನಿ. ಮ್ಯೂನಿಕ್‌ನಿಂದಾದರೆ ಬ್ರೆನ್ನರ್ ಘಾಟಿ ದಾಟುವ ರೈಲು ಸುಮಾರು ನಾಲ್ಕು ಗಂಟೆಯಲ್ಲಿ ಬೊಲ್ಜಾನೊ ಮುಟ್ಟಿಸುತ್ತದೆ. ಕಿಟಕಿ ಪಕ್ಕ ಸೀಟು ಹಿಡಿಯಿರಿ, ಆ ದಾರಿಯಲ್ಲಿ ನಿದ್ದೆ ಮಾಡುವುದು ಅನ್ಯಾಯ. ಮಿಲಾನ್‌ನಿಂದಾದರೆ ವೆರೋನಾದಲ್ಲಿ ರೈಲು ಬದಲಿಸಿ ಉತ್ತರಕ್ಕೆ ಬರಬೇಕು. ನನ್ನ ಆಯ್ಕೆ ಮ್ಯೂನಿಕ್.

ಬೊಲ್ಜಾನೊದಿಂದ ಮೆರಾನೊಗೆ ಮುಕ್ಕಾಲು ಗಂಟೆ. ಮೆರಾನೊದಲ್ಲಿ ಮಾಲ್ಲೆಸ್ ಕಡೆಯ ರೈಲು. ಈ 60 ಕಿಲೋಮೀಟರ್ ಹಳಿಯ ಕಥೆ ಕೇಳಲೇಬೇಕು. 1906ರಲ್ಲಿ ಶುರುವಾಯಿತು. 1990ರಲ್ಲಿ ಲಾಭ ಇಲ್ಲ ಅಂತ ಮುಚ್ಚಿದರು. ಪ್ರಾಂತ್ಯದ ಸರ್ಕಾರ ಅದನ್ನು ತಾನೇ ವಹಿಸಿಕೊಂಡು, ಹಳಿ, ಸ್ಟೇಷನ್ ಎಲ್ಲ ಸರಿಮಾಡಿ 2005ರಲ್ಲಿ ಮತ್ತೆ ಓಡಿಸಿತು. ಈಗ ಶಾಲೆ ಮಕ್ಕಳು, ಕೆಲಸಕ್ಕೆ ಹೋಗುವವರು, ಸೈಕಲ್ ಹಿಡಿದ ಪ್ರವಾಸಿಗರು ಎಲ್ಲ ಇದರಲ್ಲೇ. ನೀವು ಇಳಿಯಬೇಕಾದದ್ದು ಮಾಲ್ಲೆಸ್‌ಗೆ ಸ್ವಲ್ಪ ಮೊದಲು ಸಿಗುವ ಸ್ಲುದೆರ್ನೊ-ಗ್ಲೊರೆಂಜಾ ಸ್ಟೇಷನ್. ಅಲ್ಲಿಂದ ಊರು ಸುಮಾರು 2 ಕಿ.ಮೀ. ಬಸ್ ಸಿಗುತ್ತದೆ. ಬ್ಯಾಗು ಹಗುರ ಇದ್ದರೆ ನಡೆದೇ ಹೋಗಿ. ನೆಲ ಬಹುಪಾಲು ಸಮತಟ್ಟು, ಮುಂದೆ ಗೋಡೆ, ಗೋಪುರ ನಿಧಾನವಾಗಿ ದೊಡ್ಡದಾಗುತ್ತಾ ಬರುತ್ತವೆ. ಊರಿನೊಳಕ್ಕೆ ಬಾಗಿಲು ದಾಟಿ ನಡೆದು ಹೋಗುವುದೇ ಸರಿಯಾದ ಪ್ರವೇಶ.

ಗಮನಿಸಿ: ಈ ಹಳಿಗೆ ವಿದ್ಯುತ್ ತಂತಿ ಹಾಕುವ ದೊಡ್ಡ ಕೆಲಸ ಕೈಗೊಂಡಿದ್ದಾರೆ. ಅದಕ್ಕಾಗಿ ರೈಲು ನಿಲ್ಲಿಸಿದ ಅವಧಿಗಳಲ್ಲಿ ಬದಲಿ ಬಸ್ ಓಡುತ್ತದೆ. ಹೊರಡುವ ವಾರ ಪ್ರಾಂತ್ಯದ ಸಾರಿಗೆ ಆ್ಯಪ್‌ನಲ್ಲಿ ನೋಡಿಕೊಳ್ಳಿ, ಸಂಪರ್ಕಗಳ ನಡುವೆ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಉಳಿಯುವ ಜಾಗ

ಗೋಡೆಯೊಳಗೆ ದೊಡ್ಡ ಹೋಟೆಲುಗಳಿಲ್ಲ. ಹಳೇ ಮನೆಗಳ ಕೆಲವು ಗೆಸ್ಟ್‌ಹೌಸ್, ಚಿಕ್ಕ ಹೋಟೆಲು, ಅಪಾರ್ಟ್‌ಮೆಂಟ್ ಇವೆ. ರೂಮುಗಳು ಕಡಿಮೆ, ಆದ್ದರಿಂದ ಬೇಗ ಬುಕ್ ಮಾಡಿ. ಹಳೇ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದಿರಬಹುದು, ಅಪ್ಪ ಅಮ್ಮನ ಜೊತೆ ಹೋಗುವವರು ಮೊದಲೇ ಕೇಳಿ. ಗೋಡೆಯೊಳಗೆ ಸಿಗದಿದ್ದರೆ ಸ್ಲುದೆರ್ನೊ ಅಥವಾ ಮಾಲ್ಲೆಸ್ ನೋಡಿ. ಅದೂ ಇಲ್ಲದಿದ್ದರೆ ಸುತ್ತಲಿನ ರೈತರ ಮನೆಗಳು. ಅಲ್ಲಿ ಉಳಿದರೆ ಬೆಳಗಿನ ತಿಂಡಿಗೆ ಮನೆಯ ಹಾಲು, ಜಾಮ್ ಸಿಗುವ ಸಾಧ್ಯತೆ ಜಾಸ್ತಿ.

ಬುಕ್ ಮಾಡುವಾಗ ಒಂದೇ ಒಂದು ಪ್ರಶ್ನೆ ತಪ್ಪದೆ ಕೇಳಿ: ಸೌತ್ ಟಿರೋಲ್ ಗೆಸ್ಟ್ ಪಾಸ್ ಕೊಡುತ್ತೀರಾ? ಯೋಜನೆಯಲ್ಲಿರುವ ಮನೆ ಅಥವಾ ಹೋಟೆಲಿನಲ್ಲಿ ಉಳಿದರೆ ಪ್ರಾಂತ್ಯದೊಳಗಿನ ಬಸ್ಸು ಮತ್ತು ಪ್ರಾದೇಶಿಕ ರೈಲುಗಳಲ್ಲಿ ಉಳಿದಷ್ಟು ದಿನ ಓಡಾಡಲು ಪಾಸ್ ಕೊಡುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ. ಕಾರಿಲ್ಲದೆ ಬರುವವರಿಗೆ ಇದರಿಂದ ದೊಡ್ಡ ಉಳಿತಾಯ.

ಊರು ನೋಡುವ ಕ್ರಮ

ಮೊದಲು ಒಳಗೆ ಸುತ್ತಬೇಡಿ. ಹೊರಗಿನಿಂದ ಶುರು ಮಾಡಿ. ಗೋಡೆಯ ಹೊರಬದಿಯಲ್ಲಿ ಒಂದು ಸುತ್ತು ಬನ್ನಿ, ನಿಧಾನವಾಗಿ ನಡೆದರೂ ಅರ್ಧ ಗಂಟೆ ಮೀರುವುದಿಲ್ಲ. ಮೂಲೆಗಳಲ್ಲಿ ದುಂಡನೆಯ ಬುರುಜುಗಳು, ಗೋಡೆಯುದ್ದಕ್ಕೂ ಬಂದೂಕಿನ ಕಿಂಡಿಗಳು. ಬಿಲ್ಲು ಬಾಣದ ಕಾಲ ಮುಗಿದು ಫಿರಂಗಿ ಬಂದಾಗ ಕಟ್ಟಿದ ಕೋಟೆ ಇದು ಅನ್ನುವುದು ಆ ಕಿಂಡಿಗಳನ್ನು ನೋಡಿದರೆ ಗೊತ್ತಾಗುತ್ತದೆ. ಪಕ್ಕದಲ್ಲೇ ಆದಿಜೆ ನದಿ ಹರಿಯುತ್ತದೆ. ಇಟಲಿಯ ಎರಡನೇ ಅತಿ ಉದ್ದದ ನದಿ, ಹುಟ್ಟುವುದು ಇಲ್ಲಿಂದ ಸ್ವಲ್ಪ ಮೇಲೆ ರೇಸಿಯಾ ಘಾಟಿಯ ಹತ್ತಿರ. ವೆರೋನಾದಲ್ಲಿ ಅಗಲವಾಗಿ ಕಾಣುವ ನದಿ ಇಲ್ಲಿ ಇನ್ನೂ ಎಳೆಯದು.

ನದಿಯಾಚೆ, ಗೋಡೆಯ ಹೊರಗೆ, ಸಂತ ಪಂಕ್ರಾಸ್ ಚರ್ಚ್ ಇದೆ. ಊರಿನ ಮುಖ್ಯ ಚರ್ಚೇ ಕೋಟೆಯ ಹೊರಗಿರುವುದು ವಿಚಿತ್ರ ಅಲ್ವಾ? ಗೋಪುರದ ಹೊರಗೋಡೆ ಮೇಲೆ 1496ರ ಚಿತ್ರವಿದೆ, ಕಡೆಯ ದಿನದ ತೀರ್ಪಿನ ದೃಶ್ಯ. ಅಂದರೆ ಊರು ಸುಟ್ಟುಹೋಗುವುದಕ್ಕೆ ಮೂರೇ ವರ್ಷ ಮೊದಲು ಬರೆದದ್ದು. ಹತ್ತಿರ ನಿಂತು ನೋಡಿ.

ಆಮೇಲೆ ಸೇತುವೆ ದಾಟಿ, ಚರ್ಚ್ ಬಾಗಿಲು ಅನ್ನುವ ಕೋಟೆ ಬಾಗಿಲಿನಿಂದ ಊರೊಳಗೆ ಬನ್ನಿ. ತೌಫರ್ಸ್ ಬಾಗಿಲು ಅಂತಲೂ ಇದನ್ನು ಕರೆಯುತ್ತಾರೆ. ಉಳಿದ ಎರಡು ಬಾಗಿಲು ಮಾಲ್ಸ್ ಕಡೆಗೆ, ಶ್ಲುಡರ್ನ್ಸ್ ಕಡೆಗೆ. ಚರ್ಚ್ ಬಾಗಿಲಿನ ಗೋಪುರದೊಳಗೆ ಪೌಲ್ ಫ್ಲೋರಾ ಅವರ ಚಿತ್ರಗಳ ಪ್ರದರ್ಶನ ಇದೆ. 1922ರಲ್ಲಿ ಇದೇ ಊರಲ್ಲಿ ಹುಟ್ಟಿ, ಇನ್ಸ್‌ಬ್ರುಕ್‌ನಲ್ಲಿ ಬದುಕಿ, 2009ರಲ್ಲಿ ತೀರಿಕೊಂಡ ವ್ಯಂಗ್ಯಚಿತ್ರಕಾರ. ಸಣ್ಣ ಸಣ್ಣ ಗೆರೆ, ಅದರಲ್ಲೇ ಕಾಗೆಗಳು, ಮುಖವಾಡಗಳು, ಖಾಲಿ ಬೀದಿಗಳು. ಅವರ ಸಮಾಧಿ ಕೂಡ ಇಲ್ಲೇ ಇದೆ. ಆ ಚಿತ್ರಗಳನ್ನು ನೋಡಿ ಹೊರಗೆ ಬಂದರೆ ಊರಿನ ಗಲ್ಲಿಗಳು ಬೇರೆ ಥರ ಕಾಣುತ್ತವೆ.

ನಂತರ ಲೌಬೆನ್ ಬೀದಿ. ಮನೆಗಳ ಕೆಳಗೆ ಕಮಾನಿನ ಸಾಲು, ಅದರಡಿ ವ್ಯಾಪಾರಿಗಳ ಅಂಗಡಿ ಇರುತ್ತಿದ್ದವು. ಕಮಾನುಗಳು ಎಷ್ಟು ತಗ್ಗು ಅಂದರೆ ಎತ್ತರದವರು ತಲೆ ನೋಡಿಕೊಳ್ಳಬೇಕು. ಇಲ್ಲಿಂದ ಮುಂದೆ ನಾನು ದಾರಿ ಹೇಳುವುದಿಲ್ಲ, ಊರು ಅಷ್ಟು ಚಿಕ್ಕದು. ನಡುವಿನ ಚೌಕದಲ್ಲಿ ಮರದ ಕೆಳಗೆ ಸ್ವಲ್ಪ ಹೊತ್ತು ಕೂತು, ಆಮೇಲೆ ಕಂಡ ಗಲ್ಲಿಗೆ ನುಗ್ಗಿ. ಹಗಲಿನ ಕಾರು, ಬೈಕುಗಳ ಗದ್ದಲ ಸಂಜೆ ಇಳಿಯುತ್ತದೆ. ಗೋಡೆಯೊಳಗೇ ಉಳಿಯಿರಿ ಅಂತ ಒತ್ತಿ ಹೇಳಿದ್ದು ಈ ಹೊತ್ತಿಗಾಗಿ.

ಅಲ್ಲಿ ಕೂತಾಗ ನೆನಪಿಸಿಕೊಳ್ಳಲು ಒಂದು ಕಥೆ. 1520ರಲ್ಲಿ ಇಲ್ಲಿನ ನ್ಯಾಯಾಲಯದಲ್ಲಿ ಹೊಲದ ಇಲಿಗಳ ಮೇಲೆ ಮೊಕದ್ದಮೆ ನಡೆಯಿತು. ಹತ್ತಿರದ ಸ್ಟಿಲ್ಫ್ಸ್ ಹಳ್ಳಿಯ ರೈತರು ಬೆಳೆ ಹಾಳಾಯಿತು ಅಂತ ದೂರು ಕೊಟ್ಟಿದ್ದರು. ಇಲಿಗಳ ಪರವಾಗಿಯೂ ಒಬ್ಬ ವಕೀಲನನ್ನು ನೇಮಿಸಿದರು! ಸಾಕ್ಷಿ ವಿಚಾರಣೆ ಎಲ್ಲ ಆದಮೇಲೆ, ಇಲಿಗಳು 14 ದಿನದೊಳಗೆ ಹೊಲ ಬಿಟ್ಟು ಹೋಗಬೇಕು ಅಂತ ತೀರ್ಪು ಬಂತು. ಬಸುರಿ ಇಲಿಗಳಿಗೂ ಮರಿಗಳಿಗೂ ಇನ್ನಷ್ಟು ಸಮಯ ಕೊಟ್ಟು, ದಾರಿಯಲ್ಲಿ ನಾಯಿ ಬೆಕ್ಕುಗಳಿಂದ ರಕ್ಷಣೆ ಕೊಡಬೇಕು ಅಂತಲೂ ಹೇಳಿದರು. ಇಲಿಗೂ ವಾದ ಮಂಡಿಸುವ ಹಕ್ಕಿದೆ ಅಂದುಕೊಂಡ ಆ ಕಾಲದ ಮನಸ್ಸನ್ನು ನಾನು ಗೌರವದಿಂದಲೇ ನೋಡುತ್ತೇನೆ.

ಗೋಡೆಯ ಹೊರಗೆ ಕೆಂಪು ಇಟ್ಟಿಗೆಯ, ಘನಾಕಾರದ ಒಂದು ಕಟ್ಟಡ ಕಾಣುತ್ತದೆ. ಅದು ಪುನಿ, ಇಟಲಿಯ ಮೊದಲ ವಿಸ್ಕಿ ಭಟ್ಟಿ. ಕುಡಿಯದವರೂ ವಾಸ್ತುಶಿಲ್ಪಿ ವೆರ್ನರ್ ಚೋಲ್ ಅವರ ಆ ಕಟ್ಟಡಕ್ಕಾಗಿ ಹೋಗಿ ನೋಡಬಹುದು.

ಎರಡನೇ, ಮೂರನೇ ದಿನ: ಕಣಿವೆ

ಎಲ್ಲ ಒಂದೇ ದಿನ ತುರುಕಬೇಡಿ. ನಾನಾದರೆ ಹೀಗೆ ಹಂಚುತ್ತೇನೆ.

ಒಂದು ಬೆಳಿಗ್ಗೆ ಸ್ಲುದೆರ್ನೊದ ಚೂರ್‌ಬುರ್ಗ್ ಕೋಟೆ. 13ನೇ ಶತಮಾನದ್ದು. ಇಟಾಲಿಯನ್ ಹೆಸರು ಕಾಸ್ತೆಲ್ ಕೊಯಿರಾ. ಯುದ್ಧಕವಚಗಳ ದೊಡ್ಡ ಸಂಗ್ರಹ ಇದೆ. ಬೇರೆ ಕಡೆಯಿಂದ ಕೊಂಡು ತಂದು ಜೋಡಿಸಿದ್ದಲ್ಲ, ಈ ಕೋಟೆಯ ಒಡೆಯರು ಮತ್ತು ಅವರ ಕಡೆಯವರು ತೊಟ್ಟದ್ದು ಅನ್ನುವುದು ಇದರ ಹೆಚ್ಚುಗಾರಿಕೆ. ಎರಡು ಮೀಟರಿಗಿಂತ ಎತ್ತರದ ಆಳಿಗೆ ಮಾಡಿದ ಕವಚವೊಂದಿದೆ, ಮಕ್ಕಳಿಗೆ ತಪ್ಪದೆ ತೋರಿಸಿ. ಗೈಡ್ ಜೊತೆಗೇ ನೋಡಬೇಕು. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಸೀಸನ್‌ನಲ್ಲೂ ಸಾಮಾನ್ಯವಾಗಿ ಸೋಮವಾರ ರಜೆ.

ಅದೇ ದಿನ ಮಧ್ಯಾಹ್ನ ಸ್ಲುದೆರ್ನೊದ ಮೇಲಿನ ವಾಲ್ ದಾರಿ ಹಿಡಿಯಿರಿ. ವಾಲ್ ಅಂದರೆ ಇಲ್ಲಿ ನೀರಿನ ಕಾಲುವೆ, ಕಣಿವೆಯ ಹೆಸರಿನಲ್ಲಿರುವ ವಾಲ್ ಬೇರೆ. ಇಷ್ಟು ಒಣ ಕಣಿವೆಯಲ್ಲಿ ಬೆಳೆ ಬರಲು ಶತಮಾನಗಳ ಹಿಂದೆ ಹಿಮನದಿಗಳ ನೀರನ್ನು ಬೆಟ್ಟದ ಮೈಮೇಲೆ ಸಣ್ಣ ಕಾಲುವೆ ತೋಡಿ ತಂದರು. ಕೊರಕಲು ಬಂದಲ್ಲಿ ಮರದ ಕಾಲುವೆಗಳಲ್ಲಿ ನೀರು ದಾಟಿಸಿದರು. ನಮ್ಮ ನಾಲೆ ಕಡೆಯ ಊರುಗಳಲ್ಲಿ ನೀರು ಬಿಡಲು ಸರದಿ ಇರುತ್ತದಲ್ಲ, ಇಲ್ಲೂ ಹಾಗೇ ಯಾರ ಹೊಲಕ್ಕೆ ಎಷ್ಟು ಹೊತ್ತು ಅಂತ ಕಟ್ಟುನಿಟ್ಟು. ಕಾಲುವೆ ನೋಡಿಕೊಳ್ಳಲು ಒಬ್ಬ ಇರುತ್ತಿದ್ದ. ನೀರಿನಿಂದ ತಿರುಗುವ ಚಕ್ರವೊಂದು ಗಂಟೆ ಬಾರಿಸುತ್ತಿರುತ್ತದೆ. ಸದ್ದು ನಿಂತರೆ ಎಲ್ಲೋ ಕಾಲುವೆ ಒಡೆದಿದೆ ಅಥವಾ ಕಸ ಕಟ್ಟಿದೆ ಅಂತ ಅವನಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಈ ಕಾಲುವೆಗಳ ಪಕ್ಕದ ಕಾಲುದಾರಿಗಳೇ ಈಗ ನಡಿಗೆ ದಾರಿಗಳು. ನೀರು ಹರಿಯಲು ಬೇಕಾದಷ್ಟೇ ಇಳಿಜಾರು ಇರುವುದರಿಂದ ಏದುಸಿರು ಬರುವುದಿಲ್ಲ. ಶುರುವಿನಲ್ಲಿ ಬೆಟ್ಟ ಹತ್ತುವುದಷ್ಟೇ ಕಷ್ಟ. ಕೆಲವು ಕಡೆ ದಾರಿ ಕಿರಿದು, ಆದ್ದರಿಂದ ಹಿಡಿತವಿರುವ ಶೂ ಬೇಕೇ ಬೇಕು. ಕಣಿವೆಯಲ್ಲಿ ಒಂದನ್ನೇ ಮಾಡಲು ಸಮಯ ಇದ್ದರೆ ಇದನ್ನೇ ಮಾಡಿ.

ಇನ್ನೊಂದು ದಿನ ಚಿತ್ರಗಳಿಗಾಗಿ ಇಡಿ. ಮಾಲ್ಲೆಸ್‌ನ ಸಂತ ಬೆನೆಡಿಕ್ಟ್ ಚರ್ಚ್ ಪುಟ್ಟದು. ಅದರ ಗೋಡೆಚಿತ್ರಗಳು ಸುಮಾರು ಕ್ರಿ.ಶ. 800ರ ಕಾಲದವು. ಕತ್ತಿ ಹಿಡಿದ ಒಬ್ಬ ಯಜಮಾನ, ಚರ್ಚಿನ ಮಾದರಿ ಹಿಡಿದ ಒಬ್ಬ ಪಾದ್ರಿ, ಇಬ್ಬರೂ ಚರ್ಚಿಗೆ ದಾನ ಕೊಟ್ಟವರು. ಸಾವಿರದ ಇನ್ನೂರು ವರ್ಷದ ಹಿಂದಿನ ಮುಖಗಳು. ಮಾಲ್ಲೆಸ್‌ಗಿಂತ ಮೇಲೆ, ಬುರ್ಗೂಸಿಯೊ ಹಳ್ಳಿಯ ಬೆಟ್ಟದಲ್ಲಿ, 1,340 ಮೀಟರ್ ಎತ್ತರದಲ್ಲಿ, ಮೊಂತೆ ಮರಿಯಾ ಮಠ ಬಿಳಿಯಾಗಿ ಕಾಣುತ್ತದೆ. ಬೆನೆಡಿಕ್ಟ್ ಪಂಥದ ಸನ್ಯಾಸಿಗಳು ಈಗಲೂ ಅಲ್ಲಿದ್ದಾರೆ. ನೆಲಮನೆಯಲ್ಲಿ 12ನೇ ಶತಮಾನದ ದೇವದೂತರ ಚಿತ್ರಗಳಿವೆ, ಆದರೆ ಅಲ್ಲಿಗೆ ಎಲ್ಲ ಹೊತ್ತಿನಲ್ಲೂ ಬಿಡುವುದಿಲ್ಲ. ಯಾವಾಗ ಬಿಡುತ್ತಾರೆ ಅಂತ ಹಿಂದಿನ ದಿನವೇ ವಿಚಾರಿಸಿ. ಭಾನುವಾರ ಹೋಗಬೇಡಿ.

ಗ್ಲೊರೆಂಜಾದಿಂದ ಬಸ್ಸಿನಲ್ಲಿ ಸ್ವಿಟ್ಜರ್ಲೆಂಡಿನ ಮ್ಯುಸ್ಟೈರ್‌ಗೂ ಹೋಗಬಹುದು. ಅಲ್ಲಿನ ಸಂತ ಜಾನ್ ಸನ್ಯಾಸಿನಿಯರ ಮಠ 1983ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಚರ್ಚಿನೊಳಗೆ ಸುತ್ತಲೂ ಅದೇ ಹಳೇ ಕಾಲದ ಚಿತ್ರಗಳು. ಮಾಲ್ಲೆಸ್ ನೋಡಿದ ಮೇಲೆ ಇದನ್ನು ನೋಡಿದರೆ ಎರಡರ ನಂಟು ಕಣ್ಣಿಗೇ ಕಾಣುತ್ತದೆ. ಒಂದು ಎಚ್ಚರಿಕೆ: ಯುರೋಪಿನ ಸಿಮ್ ಹಾಕಿಸಿದ್ದರೆ ಸ್ವಿಟ್ಜರ್ಲೆಂಡ್ ಅದರಲ್ಲಿ ಸೇರಿದೆಯಾ ನೋಡಿ. ಸೇರಿಲ್ಲದಿದ್ದರೆ ಗಡಿ ಹತ್ತಿರ ಡೇಟಾ ರೋಮಿಂಗ್ ಆಫ್ ಮಾಡಿ.

ರೇಸಿಯಾ ಕೆರೆಯ ನೀರಿನ ನಡುವೆ ನಿಂತ ಚರ್ಚ್ ಗೋಪುರದ ಫೋಟೊ ನೀವು ನೋಡೇ ಇರುತ್ತೀರಿ. ಅದು ಇದೇ ಕಣಿವೆಯ ತುದಿಯಲ್ಲಿದೆ, ಮಾಲ್ಲೆಸ್‌ನಿಂದ ಬಸ್. ಫೋಟೊ ತೆಗೆದು ಬರುವಾಗ ಒಂದು ವಿಷಯ ನೆನಪಿರಲಿ. 1950ರಲ್ಲಿ ವಿದ್ಯುತ್ ಯೋಜನೆಗಾಗಿ ಕುರೊನ್ ಹಳ್ಳಿಯನ್ನು ಮುಳುಗಿಸಿದರು. ಜನ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಮನೆಗಳನ್ನೆಲ್ಲ ಕೆಡವಿದರು, 14ನೇ ಶತಮಾನದ ಆ ಗೋಪುರ ಒಂದನ್ನು ಬಿಟ್ಟರು.

ಸೈಕಲ್ ತುಳಿಯುವವರಿಗೆ ಮಾಲ್ಲೆಸ್‌ನಿಂದ ಮೆರಾನೊವರೆಗೆ ನದಿ ಪಕ್ಕ ದಾರಿ ಇದೆ, ಬಹುಪಾಲು ಇಳಿಜಾರು. ಸ್ಟೇಷನ್ ಹತ್ತಿರ ಬಾಡಿಗೆಗೆ ತೆಗೆದುಕೊಂಡು, ಸಾಕೆನಿಸಿದ ಊರಿನ ಸ್ಟೇಷನ್‌ನಲ್ಲಿ ಬಿಟ್ಟು ರೈಲಿನಲ್ಲಿ ವಾಪಸ್ ಬರಬಹುದು. ಸ್ತೆಲ್ವಿಯೊ ಘಾಟಿ 2,757 ಮೀಟರ್, ಕಣಿವೆಯ ಪ್ರಾತೊ ಊರಿನ ಕಡೆಯಿಂದ 48 ಹೇರ್‌ಪಿನ್ ತಿರುವು. ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತದೆ. ವಾಂತಿ ಆಗುವವರು ಬಿಟ್ಟುಬಿಡಿ, ನಷ್ಟವೇನಿಲ್ಲ.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಪಿಜ್ಜಾ ಸಿಗುತ್ತದೆ, ಆದರೆ ಇಲ್ಲಿನ ನಿಜವಾದ ಊಟ ಬೇರೆ. ಶ್ಲುಟ್ಸ್‌ಕ್ರಾಪ್ಫೆನ್ ಕೇಳಿ: ಅರ್ಧಚಂದ್ರದ ಕಡುಬು, ಒಳಗೆ ಪಾಲಕ್ ಮತ್ತು ಮೆತ್ತನೆ ಚೀಸ್, ಮೇಲೆ ಕರಗಿದ ಬೆಣ್ಣೆ. ಕ್ನ್ಯೋಡೆಲ್ ಅಂದರೆ ಹಳೇ ಬ್ರೆಡ್ಡಿನ ಉಂಡೆ, ಪಾಲಕ್ ಅಥವಾ ಚೀಸ್‌ನದ್ದು ತೆಗೆದುಕೊಳ್ಳಿ. ಸ್ಪೆಕ್ ಅಂತ ಹೆಸರಲ್ಲಿದ್ದರೆ ಅದು ಹಂದಿಮಾಂಸ. ಬಾರ್ಲಿ ಸೂಪ್ ನೋಡಲು ಸಾಧು, ಆದರೆ ಅದರಲ್ಲೂ ಸ್ಪೆಕ್ ಇರುತ್ತದೆ. ಉಂಡೆಯನ್ನು ಮಾಂಸದ ಸಾರಿನಲ್ಲಿ ಹಾಕಿಕೊಡುವುದೂ ಉಂಟು. "ಓನೆ ಫ್ಲೈಷ್, ಓನೆ ಸ್ಪೆಕ್" ಅಂದರೆ ಮಾಂಸ ಬೇಡ, ಸ್ಪೆಕ್ ಬೇಡ ಅಂತ. ಸಾರಿನ ಬಗ್ಗೆ ಬೇರೆಯಾಗಿ ಕೇಳಿ. ಮೊಟ್ಟೆ ತಿನ್ನದವರಿಗೆ ಕಷ್ಟ ಜಾಸ್ತಿ, ಈ ಎರಡೂ ತಿನಿಸಿನ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಅಂಥವರು ಅಪಾರ್ಟ್‌ಮೆಂಟ್ ಹಿಡಿದು ಅಡುಗೆ ಮಾಡಿಕೊಳ್ಳುವುದೇ ನೆಮ್ಮದಿ.

ಬೇಕರಿಯಲ್ಲಿ ಪಾರ್ಲ್ ಬ್ರೆಡ್ ಕೊಳ್ಳಿ. ರೈ ಹಿಟ್ಟಿನ ಎರಡು ಚಪ್ಪಟೆ ಬ್ರೆಡ್ಡು ಜೋಡಿಯಾಗಿ ಅಂಟಿಕೊಂಡಿರುತ್ತವೆ, ಸೋಂಪಿನಂಥ ಮಸಾಲೆಯ ಘಮ ಇರುತ್ತದೆ. ಗಟ್ಟಿ, ಸ್ವಲ್ಪ ಹುಳಿ, ನಡಿಗೆ ದಿನ ಚೀಸ್ ಜೊತೆ ಕಟ್ಟಿಕೊಂಡು ಹೋಗಲು ಇದಕ್ಕಿಂತ ಒಳ್ಳೆಯದು ಇಲ್ಲ. ಸಿಹಿಗೆ ಸೇಬಿನ ಸ್ಟ್ರೂಡೆಲ್, ಇಲ್ಲವೇ ಬಕ್‌ವೀಟ್ ಅನ್ನುವ ಧಾನ್ಯದ ಹಿಟ್ಟಿನ ಕಪ್ಪನೆ ಕೇಕ್.

ಅಡುಗೆಮನೆ ಮಧ್ಯಾಹ್ನ ಎರಡಕ್ಕೆಲ್ಲ ಮುಚ್ಚುತ್ತದೆ, ಮತ್ತೆ ತೆರೆಯುವುದು ಸಂಜೆಯೇ. ಬಾಗಿಲ ಮೇಲೆ ರೂಹೆಟಾಗ್ ಅಂತ ಇದ್ದರೆ ಅವತ್ತು ವಾರದ ರಜೆ. ಊರಲ್ಲಿರುವುದೇ ಕೆಲವು ಹೋಟೆಲು, ಹಾಗಾಗಿ ಬಂದ ದಿನವೇ ಯಾವುದು ಯಾವಾಗ ರಜೆ ಅಂತ ಕೇಳಿಟ್ಟುಕೊಳ್ಳಿ, ರಾತ್ರಿ ಊಟಕ್ಕೆ ಟೇಬಲ್ ಹೇಳಿಡಿ. ಭಾನುವಾರ ದಿನಸಿ ಅಂಗಡಿ ನಂಬಬೇಡಿ. ಶನಿವಾರವೇ ಹಾಲು, ಹಣ್ಣು, ಬ್ರೆಡ್ ತಂದಿಡಿ.

ಹೊರಡುವ ದಿನ

ಬಂದ ದಾರಿಯಲ್ಲೇ ವಾಪಸ್ ಹೋಗಬೇಕಿಲ್ಲ. ಮಾಲ್ಲೆಸ್‌ನಿಂದ ರೇಸಿಯಾ ಘಾಟಿ ದಾಟಿ ಆಸ್ಟ್ರಿಯಾದ ಲಾಂಡೆಕ್‌ಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ರೈಲಿನಲ್ಲಿ ಇನ್ಸ್‌ಬ್ರುಕ್, ಮ್ಯೂನಿಕ್ ಸೇರಬಹುದು. ಗಡಿ ಹತ್ತಿರ ಬಸ್ ಬದಲಿಸಬೇಕಾಗಬಹುದು. ಮ್ಯೂನಿಕ್‌ನಿಂದ ರಾತ್ರಿ ವಿಮಾನ ಇದ್ದರೂ ಅದೇ ದಿನ ಇಲ್ಲಿಂದ ಹೊರಡುವ ಸಾಹಸ ಬೇಡ. ಹಿಂದಿನ ದಿನವೇ ಇನ್ಸ್‌ಬ್ರುಕ್ ಸೇರಿ ಅಲ್ಲಿ ಒಂದು ರಾತ್ರಿ ಉಳಿಯಿರಿ. ಗೆಸ್ಟ್ ಪಾಸ್ ಆಸ್ಟ್ರಿಯಾದಲ್ಲಿ ನಡೆಯುವುದಿಲ್ಲ, ಗಡಿಯಿಂದ ಮುಂದಕ್ಕೆ ಬೇರೆ ಟಿಕೆಟ್ ತೆಗೆದುಕೊಳ್ಳಬೇಕು.